ಡಬ್ಬಿಗೊಂದು ಕೆಲಸ ಹೇಳಿ

ಓದುಗರ ಪ್ರಶ್ನೆ, ಬಾಗಲಕೋಟೆ ಅಕ್ಕನ ಉತ್ತರ

ಹಳೆಯ ಸಾಮಾನುಗಳನ್ನು ಮತ್ತೆ ಬಳಸುವ ಬಗ್ಗೆ ಏನಾದರೂ ಕೇಳುವುದಿದ್ದರೆ ಕೇಳಿ ಅಂತ ಹೋದ ತಿಂಗಳು ಬರೆದಿದ್ದೆ. ಬಂದ ಪತ್ರಗಳನ್ನೆಲ್ಲ ಸೀರೆಯ ಖಾಲಿ ಬಾಕ್ಸ್ ಒಂದರಲ್ಲಿ ಹಾಕುತ್ತಾ ಬಂದೆ. ಅದು ತುಂಬಿ ಮುಚ್ಚಳ ಮೇಲೆ ನಿಂತಿದೆ. ಅರ್ಧದಷ್ಟು ಪತ್ರಗಳಲ್ಲಿ ಪ್ರಶ್ನೆಗಿಂತ ತಕರಾರೇ ಜಾಸ್ತಿ. ಅತ್ತೆ ಏನನ್ನೂ ಎಸೆಯಲು ಬಿಡುವುದಿಲ್ಲ ಅಂತ ಸೊಸೆಯದು, ಸೊಸೆ ಎಲ್ಲ ಎಸೆಯುತ್ತಾಳೆ ಅಂತ ಅತ್ತೆಯದು. ಅದರಿಂದಲೇ ಶುರು ಮಾಡೋಣ.

ಪ್ರಶ್ನೆ: ಅಕ್ಕಾರ, ನಮಸ್ಕಾರ. ನಮ್ಮ ಅತ್ತೆಯವರಿಗೆ ಖಾಲಿ ಡಬ್ಬಿ ಕಂಡರೆ ಜೀವ. ಉಪ್ಪಿನಕಾಯಿ ಬಾಟಲಿ, ಹಾರ್ಲಿಕ್ಸ್ ಬಾಟಲಿ, ಹೋಟೆಲಿನಿಂದ ಪಾರ್ಸೆಲ್ ಬಂದ ಡಬ್ಬಿ, ಎಲ್ಲ ತೊಳೆದು ಮೆಟ್ಟಿಲ ಕೆಳಗೆ ಇಡುತ್ತಾರೆ. ಈಗ ಅಲ್ಲಿ ಕಸಬರಿಗೆ ಇಡಲೂ ಜಾಗವಿಲ್ಲ. ಒಂದು ಡಬ್ಬಿ ಎಸೆದರೆ ಎರಡು ದಿನ ಮಾತು ಬಿಡುತ್ತಾರೆ. ಏನು ಮಾಡಲಿ?
ಹೆಸರು ಬೇಡ, ಜಮಖಂಡಿ

ಉತ್ತರ: ತಂಗೀ, ನಿನ್ನ ಪತ್ರ ಓದಿದವಳೇ ಎದ್ದು ಹೋಗಿ ನಮ್ಮ ಅಡುಗೆಮನೆಯ ಅಟ್ಟ ನೋಡಿದೆ. ಕೆಳಗಿಳಿಸಿ ಎಣಿಸಿದೆ. 63 ಡಬ್ಬಿ. ಮುಚ್ಚಳ ಸರಿಯಾಗಿ ಕೂಡುವಂಥವು 38. ಉಳಿದ 25ಕ್ಕೆ ಮುಚ್ಚಳವೇ ಇಲ್ಲ. ಇನ್ನೊಂದು ಚೀಲದ ತುಂಬ ಬರೀ ಮುಚ್ಚಳಗಳು, ಒಂದೂ ಯಾವುದಕ್ಕೂ ಕೂಡುವುದಿಲ್ಲ! ಹಾಗಾಗಿ ನಿಮ್ಮ ಅತ್ತೆಯವರಿಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ.

ಅವತ್ತಿನಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿ ಮಾಡಿದ್ದೇನೆ. ತೊಳೆದ ಡಬ್ಬಿ ಅಟ್ಟ ಹತ್ತುವ ಮುಂಚೆ ಅದಕ್ಕೊಂದು ಕೆಲಸ ಹೇಳಬೇಕು. "ನೀನು ಅಗಸಿ ಚಟ್ನಿಗೆ." "ನೀನು ಗುಂಡಿ, ಹುಕ್ಕುಗಳಿಗೆ." ಕೆಲಸ ಹೊಳೆಯಲಿಲ್ಲವೋ, ಅದು ಆ ಹೊತ್ತಿಗೇ ಮೋಡಕಾ (ಗುಜರಿ) ಚೀಲಕ್ಕೆ. "ಮುಂದೆ ಯಾವಾಗಾದರೂ ಬೇಕಾಗುತ್ತೆ" ಅನ್ನುವುದು ಕೆಲಸ ಅಲ್ಲ.

ಇನ್ನು ಆರಿಸುವುದು ಹೇಗೆ? ಗಾಜಿನ ಬಾಟಲಿ ಚಿನ್ನ, ಇಟ್ಟುಕೋ. ಆದರೆ ಮುಚ್ಚಳ ತಿರುಗಿಸಿ ಒಳಗೆ ನೋಡು. ತುಕ್ಕು ಹಿಡಿದಿದ್ದರೆ ತಿನ್ನುವ ಪದಾರ್ಥಕ್ಕೆ ಬೇಡ. ಉಪ್ಪಿನಕಾಯಿ ವಾಸನೆ ಗಾಜಿನಲ್ಲಿ ನಿಲ್ಲುವುದಿಲ್ಲ. ಅದು ಮುಚ್ಚಳದ ಒಳಗಿನ ಮೆತ್ತನೆಯ ಪದರದಲ್ಲಿ ಕೂತಿರುತ್ತದೆ. ಎರಡು ದಿನ ಬಿಸಿಲಿಗಿಟ್ಟರೂ ಹೋಗದಿದ್ದರೆ ಆ ಬಾಟಲಿ ಉಪ್ಪಿನಕಾಯಿಗೇ ಇರಲಿ. ಅದರಲ್ಲಿ ಸಕ್ಕರೆ ತುಂಬಿ ಬೀಗರಿಗೆ ಚಹಾ ಮಾಡಿ ಕೊಟ್ಟ ಅನುಭವ ನನಗಿದೆ. ಬಾಟಲಿ ಕುದಿಸುವುದಿದ್ದರೆ ತಣ್ಣೀರಿನಲ್ಲಿ ಮುಳುಗಿಸಿಟ್ಟು ಆಮೇಲೆ ಒಲೆ ಹಚ್ಚು. ತಣ್ಣನೆಯ ಗಾಜಿಗೆ ಕುದಿಯುವ ನೀರು ಸುರಿದರೆ ಟಪ್ ಅಂತ ಸೀಳುತ್ತದೆ.

ಪ್ಲಾಸ್ಟಿಕ್ಕಿನದಾದರೆ ಬುಡ ತಿರುವಿ ನೋಡು. ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ. 1 ಅಂತಿದ್ದರೆ ನೀರಿನ ಬಾಟಲಿಯ ಜಾತಿ. ಅದಕ್ಕೆ ಬಿಸಿ ಸಾರು, ಬಿಸಿ ಎಣ್ಣೆ ಹಾಕಬಾರದು. ಒಣ ಸಾಮಾನಿಗೆ ಸಾಕು. 5 ಅಂತಿದ್ದರೆ ಸ್ವಲ್ಪ ಗಟ್ಟಿ, ಬಿಸಿ ತಡೆಯುತ್ತದೆ. ಅಂಕಿಯೇ ಇಲ್ಲದ ತೆಳ್ಳನೆಯ ಪಾರ್ಸೆಲ್ ಡಬ್ಬಿಯಲ್ಲಿ ಮೊಳೆ, ಸೂಜಿ, ಬೀಜ ಇಡು. ಅಡುಗೆಮನೆಗೆ ತರಬೇಡ.

ಅತ್ತೆಯ ಮುಂದೆ "ಎಸೀತೀನಿ" ಅನ್ನಬೇಡ, "ಯಾರಿಗಾದ್ರೂ ಕೊಡೋಣೇನ್ರೀ" ಅನ್ನು. ನಮ್ಮ ಓಣಿಯಲ್ಲಿ ಮನೆಯಲ್ಲೇ ಶೇಂಗಾ ಚಟ್ನಿ ಮಾಡಿ ಮಾರುವ ಒಬ್ಬ ಹೆಣ್ಣುಮಗಳಿದ್ದಾಳೆ. ನನ್ನ 38ರಲ್ಲಿ 20 ಬಾಟಲಿ ಅವಳಿಗೆ ಹೋದವು. ಎಸೆದರೆ ಜೀವ ಚುರ್ ಅನ್ನುತ್ತದೆ, ಕೊಟ್ಟರೆ ಅನ್ನುವುದಿಲ್ಲ. ಅತ್ತೆಗೂ ಹಾಗೇ ಅಲ್ವಾ?

ಪ್ರಶ್ನೆ: ನಮ್ಮವ್ವ ತೀರಿಕೊಂಡು ಒಂದು ವರ್ಷವಾಯಿತು. ಅವಳ ಆರು ಇಳಕಲ್ ಸೀರೆಗಳಿವೆ. ಎರಡು ಚೆನ್ನಾಗಿವೆ, ನಾಲ್ಕು ಹರಿದಿವೆ. ಕೊಡಲು ಮನಸ್ಸಿಲ್ಲ, ಉಡಲು ಬರುವುದಿಲ್ಲ. ಕೌದಿ ಹೊಲಿಸು ಅಂತ ಅಕ್ಕ ಹೇಳುತ್ತಾಳೆ. ಕತ್ತರಿ ಹಾಕಲು ಕೈ ಬರುತ್ತಿಲ್ಲ.
ಒಬ್ಬ ಓದುಗಳು, ಹುನಗುಂದ

ಉತ್ತರ: ಕೈ ಬರುವವರೆಗೆ ಹಾಕಬೇಡಮ್ಮಾ. ವರ್ಷಕ್ಕೆರಡು ಸಲ ಮಡಿಕೆ ಬದಲಿಸಿ ಇಡು. ಒಂದೇ ಮಡಿಕೆಯಲ್ಲಿ ಬಿಟ್ಟರೆ ಗೆರೆ ಬಿದ್ದಲ್ಲೇ ಸೀಳುತ್ತದೆ. ಚೆನ್ನಾಗಿರುವ ಎರಡನ್ನು ಕೌದಿಗೆ ಹಾಕಲೇಬೇಡ. ಹರಿದ ನಾಲ್ಕಕ್ಕೆ ಮಾತ್ರ ಈ ಮಾತು.

ಮೊದಲು ಬಣ್ಣ ನೋಡು. ಬಿಳಿ ಅರಿವೆಯ ಚೂರು ಒದ್ದೆ ಮಾಡಿ ಸೆರಗಿನ ಮೇಲೆ ತಿಕ್ಕು. ಅರಿವೆ ಕೆಂಪಾದರೆ ಆ ಸೆರಗು ಕೌದಿಗೆ ಬೇಡ. ಮೊದಲ ಒಗೆತದಲ್ಲೇ ಇಡೀ ಕೌದಿಗೆ ಕುಂಕುಮ ಹಚ್ಚಿದಂತೆ ಆಗುತ್ತದೆ. ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ನೇಕಾರರು ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಜೋಡಿಸಿರುತ್ತಾರೆ. ಅದಕ್ಕೇ ನಾನು ಸೆರಗನ್ನು ತುಂಡು ಮಾಡುವುದಿಲ್ಲ. ಕೊಂಡಿ ಹಾಕಿದ ಗೆರೆಯಿಂದ ನಾಲ್ಕು ಬೆರಳು ಈಚೆ, ಮೈಯ ಕಡೆಗೆ ಕತ್ತರಿಸಿ ಸೆರಗನ್ನು ಇಡಿಯಾಗಿ ತೆಗೆದಿಡುತ್ತೇನೆ. ಗಟ್ಟಿ ಇದ್ದರೆ ದಿಂಬಿಗೆ ಹೊದಿಕೆಯಾಗುತ್ತದೆ, ಇಲ್ಲವೇ ದೇವರ ಮಂಟಪಕ್ಕೆ ಪರದೆ.

ಈಗ ಲೆಕ್ಕ. ಐದೂವರೆ ಮೀಟರ್ ಸೀರೆಯನ್ನು ನಡುವೆ ಕತ್ತರಿಸಿ ಎರಡು ತುಂಡು ಪಕ್ಕಪಕ್ಕ ಜೋಡಿಸಿದರೆ ಎರಡೂಮುಕ್ಕಾಲು ಮೀಟರ್ ಉದ್ದ, ಹೆಚ್ಚುಕಡಿಮೆ ಎರಡೂಕಾಲು ಮೀಟರ್ ಅಗಲ. ಸೆರಗು ತೆಗೆದರೆ ಉದ್ದ ಸ್ವಲ್ಪ ಕಡಿಮೆ, ಅಷ್ಟೆ. ಇಬ್ಬರಿಗೆ ಸಾಕು. ಅಂದರೆ ಒಂದು ಸೀರೆ ಅಡಿಗೆ, ಒಂದು ಮೇಲಕ್ಕೆ, ಉಳಿದೆರಡು ನಡುವೆ. ನಾಲ್ಕು ಪದರ ಆಯಿತು. ಐದರ ಮೇಲೆ ಹೋಗಬೇಡ. ಸೂಜಿ ಹೋಗುವುದಿಲ್ಲ. ಒಗೆದ ಮೇಲೆ ಇಬ್ಬರು ಸೇರಿದರೂ ಹಿಂಡಲಾಗುವುದಿಲ್ಲ. ನಡುವೆ ಪಾಲಿಸ್ಟರ್ ಸೀರೆ ತುರುಕುವ ಆಸೆ ಬರುತ್ತದೆ, ಬೇಡ. ಹತ್ತಿ ಒಗೆತಕ್ಕೆ ಕುಗ್ಗುತ್ತದೆ, ಪಾಲಿಸ್ಟರ್ ಕುಗ್ಗುವುದಿಲ್ಲ. ಕೌದಿ ಒಳಗೊಳಗೇ ಗಂಟು ಕಟ್ಟಿಕೊಳ್ಳುತ್ತದೆ. ಅದೂ ಅಲ್ಲದೆ ನಮ್ಮ ಏಪ್ರಿಲ್ ತಿಂಗಳಲ್ಲಿ ಪಾಲಿಸ್ಟರ್ ಮೇಲೆ ಮಲಗಿ ನೋಡು, ಬೆನ್ನೇ ಹೇಳುತ್ತದೆ.

ಎಲ್ಲ ಸೀರೆ ಒಗೆದು, ಗಂಜಿ ಹೋಗಿ ಮೆತ್ತಗಾದ ಮೇಲೆ ಮಾಳಿಗೆ ಗುಡಿಸಿ ಹಾಸು. ನಾಲ್ಕು ಮೂಲೆಗೆ ಕಲ್ಲಿಡು. ಸುಕ್ಕು ಅಂಗೈಯಿಂದ ತೀಡು, ನಡುವಿನಿಂದ ಅಂಚಿಗೆ. ಮೊದಲು ಉದ್ದುದ್ದ ಕಚ್ಚಾ ಹೊಲಿಗೆ. ಆಮೇಲೆ ದಪ್ಪ ನೂಲಿನಲ್ಲಿ ಅಂಚಿನಿಂದ ಒಳಗೆ, ಸುತ್ತು ಸುತ್ತಾಗಿ, ಸಾಲಿಂದ ಸಾಲಿಗೆ ಒಂದು ಬೆರಳಿನಷ್ಟು ಅಂತರ. ಅವಸರ ಮಾಡಿದರೆ ನಡುವೆ ಉಬ್ಬು ನಿಲ್ಲುತ್ತದೆ. ನನ್ನ ಮೊದಲ ಕೌದಿಯಲ್ಲಿ ನಿಂತಿತ್ತು. ಅದರ ಮೇಲೆ ಮಲಗಿದವರೆಲ್ಲ "ಒಳಗೇನೈತಿ?" ಅಂತ ಕೇಳುತ್ತಿದ್ದರು.

ನಮ್ಮವ್ವ ಕೊನೆಯ ಮೂಲೆ ಮುಚ್ಚುವ ಮುಂಚೆ ಒಂದು ಚೂರು ಹೋಳಿಗೆ ಇಡುತ್ತಿದ್ದಳು. ಕೌದಿ ಹಸಿದಿರಬಾರದಂತೆ. ಇರುವೆಯೂ ಹಸಿದಿರುತ್ತದೆ ಅನ್ನುವುದು ಮರುದಿನ ಗೊತ್ತಾಗುತ್ತಿತ್ತು. ನಾನು ಐದು ಅಕ್ಕಿಕಾಳು ಇಡುತ್ತೇನೆ. ನಿಮ್ಮವ್ವ ಏನಿಡುತ್ತಿದ್ದಳೋ ಅಕ್ಕನನ್ನು ಕೇಳು, ಅದನ್ನೇ ಇಡು. ಇಬ್ಬರೂ ಕೂತು ಹೊಲಿಯಿರಿ. ಹೊಲಿಯುವವರಿಗೆ ಕೊಟ್ಟರೆ ಬೇಗ ಆಗುತ್ತದೆ, ಆದರೆ ಈ ಒಂದು ಕೌದಿ ಬೇಗ ಆಗಬೇಕಿಲ್ಲ.

ಪ್ರಶ್ನೆ: ವಿಜಯಪುರದಲ್ಲಿ ಕೋಣೆ ಮಾಡಿಕೊಂಡು ಪರೀಕ್ಷೆಗೆ ಓದುತ್ತಿದ್ದೇವೆ, ಮೂವರು ಗೆಳೆಯರು. ನೀರಿನ ಫಿಲ್ಟರಿನಿಂದ ಹೊರಗೆ ಬರುವ ನೀರು ನೋಡಿದರೆ ಹೊಟ್ಟೆ ಉರಿಯುತ್ತದೆ. ಗಿಡಕ್ಕೆ ಹಾಕಬಹುದೇ? ಇನ್ನೊಂದು, ಹೋದ ವರ್ಷದ ಮಣ್ಣಿನ ಹರವಿ ಈ ವರ್ಷ ನೀರು ತಣ್ಣಗೆ ಮಾಡುತ್ತಿಲ್ಲ.
ಮೂವರ ಪರವಾಗಿ ಒಬ್ಬ

ಉತ್ತರ: ಹೊಟ್ಟೆ ಉರಿಯಲೇಬೇಕು ತಮ್ಮಾ. ಬೇಗಂ ತಲಾಬ್ ಕೆರೆಯಿಂದ ಮಣ್ಣಿನ ಕೊಳವೆ ಹಾಕಿ ಊರಿಗೆ ನೀರು ತಂದಿದ್ದ ಜಾಗ ಅದು, 1651ರ ಹೊತ್ತಿಗೆ. ಅಲ್ಲಿ ಕೂತು ಕೊಡಗಟ್ಟಲೆ ನೀರನ್ನು ಬಚ್ಚಲಿಗೆ ಬಿಡುವುದು ಅಂದರೆ!

ಆರ್‌ಓ ಯಂತ್ರ ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಆ ಹೊರಗೆ ಬರುವ ನೀರಿನಲ್ಲಿ ಸೇರಿರುತ್ತದೆ. ನಿಮ್ಮ ಕಡೆಯ ಬೋರಿನ ನೀರು ಮೊದಲೇ ಗಡಸು. ದಿನಾ ಗಿಡಕ್ಕೆ ಹಾಕಿದರೆ ಕುಂಡದ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಎಲೆಯ ತುದಿ ಸುಟ್ಟ ಹಾಗಾಗುತ್ತದೆ. ಅದು ನೆಲ ಒರೆಸಲು, ಸಂಡಾಸಿಗೆ, ಮುಸುರೆ ಭಾಂಡೆಯ ಮೊದಲ ತೊಳೆತಕ್ಕೆ ಇರಲಿ. ಗಿಡಕ್ಕೆ ಅಕ್ಕಿ, ಬೇಳೆ, ಕಾಯಿಪಲ್ಲೆ ತೊಳೆದ ನೀರು. ಎರಡು ಬಕೆಟ್ ಇಡಿ, ಎರಡೂ ಬೇರೆ ಬಣ್ಣದವು. ಮೂವರು ಗಂಡು ಹುಡುಗರು ಇರುವ ಕೋಣೆಯಲ್ಲಿ ಒಂದೇ ಬಣ್ಣದ ಬಕೆಟ್ ಇಟ್ಟರೆ ಏನಾಗುತ್ತದೆ ಅಂತ ಇಬ್ಬರು ಗಂಡುಮಕ್ಕಳನ್ನು ಸಾಕಿದ ನನಗೆ ಗೊತ್ತು.

ಹರವಿಯ ಕಥೆಯೂ ಉಪ್ಪಿನದೇ. ನೀರು ಹರವಿಯ ಮೈಯಿಂದ ಜಿನುಗಿ ಆರಿದರೆ ಒಳಗೆ ತಂಪು. ಗಡಸು ನೀರಿನ ಉಪ್ಪು ಆ ಸಣ್ಣ ತೂತುಗಳಲ್ಲಿ ಕೂತರೆ ಜಿನುಗುವುದು ನಿಲ್ಲುತ್ತದೆ. ಸಾಬೂನು ಹಚ್ಚದೆ, ತೆಂಗಿನ ನಾರಿನಿಂದ ಒಳಗೂ ಹೊರಗೂ ತಿಕ್ಕಿ ನೋಡಿ. ಮೈಗೆ ಒದ್ದೆ ಗೋಣಿತಟ್ಟು ಸುತ್ತಿ ಗಾಳಿಗಿಡಿ. ತಟ್ಟಿನ ನೀರು ಆರುತ್ತಾ ಸ್ವಲ್ಪ ತಂಪು ಕೊಡುತ್ತದೆ. ಅದಕ್ಕೂ ಜಗ್ಗದಿದ್ದರೆ ಹೊಸದು ತನ್ನಿ. ಹಳೆಯದರಲ್ಲಿ ಉಳ್ಳಾಗಡ್ಡಿ ಇಡಿ.

ಹರವಿ ಸೋರುತ್ತಿದ್ದರೆ ಮಾತ್ರ ಬೇರೆ ಮಾತು. ಸೋರುವ ಹರವಿಯನ್ನು ನಾನು ನಿಂಬೆ ಗಿಡದ ಪಕ್ಕ ಕುತ್ತಿಗೆವರೆಗೆ ಹೂಳುತ್ತೇನೆ. ನೀರು ತುಂಬಿ ಬಾಯಿಗೊಂದು ತಾಟು ಮುಚ್ಚಿದರೆ ಬೇರಿಗೆ ಮೆಲ್ಲಗೆ ಇಳಿಯುತ್ತಿರುತ್ತದೆ. ನಮ್ಮ ಹಿತ್ತಲ ನಿಂಬೆಗೆ ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ತುಂಬಿದರೆ ಸಾಕು. ನಿಮ್ಮ ಹರವಿಯನ್ನು ಹೂಳಿದರೆ ಪ್ರಯೋಜನವಿಲ್ಲ, ಅದರ ತೂತೇ ಮುಚ್ಚಿವೆಯಲ್ಲ.

ಪ್ರಶ್ನೆ: ನಮ್ಮದು ಕಬ್ಬಿನ ಹೊಲ. ಎಣ್ಣೆ ಹೊಡೆದ ಮೇಲೆ ಉಳಿಯುವ ಔಷಧಿ ಡಬ್ಬಿಗಳು ಬಹಳ ಗಟ್ಟಿ ಇರುತ್ತವೆ. ಸಾಬೂನಿನಿಂದ ಚೆನ್ನಾಗಿ ತೊಳೆದು ಆಳುಗಳಿಗೆ ನೀರು ಒಯ್ಯಲು ಬಳಸಬಹುದು ಅಂತ ನಮ್ಮ ಮನೆಯವರು ಅನ್ನುತ್ತಾರೆ.
ಅಥಣಿ ತಾಲೂಕಿನ ಒಬ್ಬ ಗೃಹಿಣಿ

ಉತ್ತರ: ಬೇಡ. ಹತ್ತು ಸಲ ತೊಳೆದರೂ ಬೇಡ. ನೀರಿಗೂ ಬೇಡ, ಎಮ್ಮೆಯ ಹಾಲಿಗೂ ಬೇಡ, ಸಂಡಾಸಿನ ತಂಬಿಗೆಯಾಗಿಯೂ ಬೇಡ. ಆ ಪ್ಲಾಸ್ಟಿಕ್ ಔಷಧಿಯನ್ನು ಹೀರಿರುತ್ತದೆ. ಮೇಲೆ ಘಮ್ಮನೆ ಸಾಬೂನಿನ ವಾಸನೆ ಬಂದ ಮಾತ್ರಕ್ಕೆ ಒಳಗಿನದು ಹೋಗುವುದಿಲ್ಲ.

ಖಾಲಿಯಾದ ತಕ್ಷಣ ಮೂರು ಸಲ ನೀರು ಹಾಕಿ ಕುಲುಕಿ, ಆ ನೀರನ್ನು ಪಂಪಿಗೇ ಸುರಿದು ಬೆಳೆಗೇ ಹೊಡೆಯಲಿ. ಕಾಲುವೆಗೆ, ಬಾವಿಯ ಕಡೆಗೆ ಚೆಲ್ಲಬಾರದು. ಆಮೇಲೆ ಬುಡಕ್ಕೆ ತೂತು ಹೊಡೆಯಿರಿ, ಮತ್ತೆ ಯಾರ ಕೈಗೂ ಡಬ್ಬಿಯಾಗಿ ಸಿಗಬಾರದು. ಸುಡಬೇಡಿ, ಹೊಗೆಯೂ ವಿಷವೇ. ಮಕ್ಕಳಿಗೆ ಸಿಗದ ಕಡೆ ಬೇರೆ ಚೀಲದಲ್ಲಿಟ್ಟು, ಅಂಗಡಿಯವರು ತಿರುಗಿ ತೆಗೆದುಕೊಳ್ಳುತ್ತಾರಾ ಅಂತ ಕೇಳಿ.

ಗೊಬ್ಬರದ ಚೀಲ ತೊಳೆದು ಕಾಲೊರೆಸಲು, ಮಳೆಗೆ ಕಟ್ಟಿಗೆ ಮುಚ್ಚಲು ಬಳಸಿ, ಜೋಳ ತುಂಬಬೇಡಿ. ಕಾಳಿಗೆ ಸಕ್ಕರೆ ಚೀಲ ಒಳ್ಳೆಯದು. ಸಕ್ಕರೆ ಕಾರ್ಖಾನೆಗಳ ಸೀಮೆಯಲ್ಲಿದ್ದು ನಿಮಗೆ ಸಕ್ಕರೆ ಚೀಲಕ್ಕೇನು ಬರ?

ಪ್ರಶ್ನೆ: ಪಂಚಮಿಗೆ ಕರಿದ ಎಣ್ಣೆ ಒಂದು ಕಿಲೋದಷ್ಟು ಉಳಿದಿದೆ. ಎಷ್ಟು ಸಲ ಬಳಸಬಹುದು? ಬಾಗಿಲ ತಿರುಗಣಿಗೆ, ಹೊಲಿಗೆ ಮಷೀನಿಗೆ ಬಿಡಬಹುದೇ?
ಬೆಳಗಾವಿ, ಶಹಾಪುರದಿಂದ

ಉತ್ತರ: ಮಷೀನಿಗಾ! ವೈನಿ, ಆ ಕೈಯನ್ನು ಅಲ್ಲೇ ನಿಲ್ಲಿಸಿ.

ಮದುವೆಯಲ್ಲಿ ನನಗೆ ತವರಿನಿಂದ ಕಾಲು ಮಷೀನು ಕೊಟ್ಟಿದ್ದರು. ಒಂದು ದೀಪಾವಳಿಯಲ್ಲಿ ಮಷೀನಿನ ಎಣ್ಣೆ ಮುಗಿದಿತ್ತು. ಎಣ್ಣೆ ಅಂದರೆ ಎಣ್ಣೆ ತಾನೇ ಅಂತ ಚಕ್ಕಲಿ ಕರಿದ ಶೇಂಗಾ ಎಣ್ಣೆಯನ್ನು ಸೋಸಿ ಎಲ್ಲ ತೂತಿಗೂ ಬಿಟ್ಟೆ. ಎರಡು ದಿನ ಬೆಣ್ಣೆಯಂತೆ ಓಡಿತು. ತಿಂಗಳ ಮೇಲೆ ತೆಗೆದರೆ ಚಕ್ರ ಅಲುಗಾಡುವುದಿಲ್ಲ. ರಿಪೇರಿಯವರು ಬಿಚ್ಚಿದರು. ಒಳಗೆಲ್ಲ ಬೆಲ್ಲದ ಪಾಕದಂಥ ಅಂಟು. ಅಡುಗೆ ಎಣ್ಣೆ ಗಾಳಿಗೆ ಒಣಗಿದರೆ ಗೋಂದಾಗುತ್ತದೆ. ಅವರು ಮೂಸಿ ನೋಡಿ, "ಅಕ್ಕಾರ, ಚಕ್ಕಲಿ ಚಲೋ ಆಗಿದ್ವೇನ್ರಿ?" ಅಂತ ಕೇಳಿದ ಮಾತು ನಮ್ಮ ಮನೆಯಲ್ಲಿ ಈಗಲೂ ಚಾಲ್ತಿಯಲ್ಲಿದೆ. ಉಳಿಸಿದ್ದು ನಾಲ್ಕು ಹನಿ ಎಣ್ಣೆ, ತೆತ್ತದ್ದು ಆ ತಿಂಗಳ ಹಾಲಿನ ದುಡ್ಡು. ತಿರುಗಣಿಗೂ ಅದೇ ಗತಿ. ಮೊದಲು ಸದ್ದು ನಿಲ್ಲುತ್ತದೆ, ಆಮೇಲೆ ಧೂಳು ಹಿಡಿದು ಬಾಗಿಲೇ ಬಿಗಿಯಾಗುತ್ತದೆ.

ತಿನ್ನುವುದಕ್ಕಾದರೆ, ತಣ್ಣಗಾದ ಮೇಲೆ ತೆಳು ಅರಿವೆಯಲ್ಲಿ ಸೋಸಿ, ಕರಿ ಪುಡಿ ತೆಗೆದು, ಎರಡು ಮೂರು ದಿನದೊಳಗೆ ಒಗ್ಗರಣೆಗೆ ಮುಗಿಸಿ. ಮತ್ತೆ ಮತ್ತೆ ಕರಿಯಲು ಕಾಯಿಸಬೇಡಿ. ಕಾಯಿಸಿದಷ್ಟೂ ಎಣ್ಣೆ ಒಳಗೇ ಕೆಡುತ್ತದೆ. ಹಾಗೆ ಕೆಟ್ಟ ಅಂಶ ನೂರಕ್ಕೆ 25 ದಾಟಿದ ಎಣ್ಣೆಯನ್ನು ಬಳಸಬಾರದು ಅಂತ 2018ರ ಜುಲೈಯಿಂದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವೇ ಇದೆ. ಮನೆಯಲ್ಲಿ ಅಳೆಯಲು ನಮ್ಮ ಹತ್ತಿರ ಮೂಗು, ಕಣ್ಣು ಅಷ್ಟೇ. ಬಣ್ಣ ಕಪ್ಪಾಗಿದೆಯೇ, ನೊರೆ ಏಳುತ್ತಿದೆಯೇ, ಬೇಗ ಹೊಗೆ ಬರುತ್ತಿದೆಯೇ, ಮುಗಿಯಿತು. ಅಂಥದ್ದು ಅಂಗಳದ ಹಣತೆಗೆ. ಬಚ್ಚಲ ಕೊಳವೆಗೆ ಸುರಿದರೆ ಮಷೀನಿಗಾದದ್ದೇ ಅದಕ್ಕೂ ಆಗುತ್ತದೆ.

ಇನ್ನು ಚುಟುಕಾಗಿ ಕೆಲವು.

ಸಾಬೂನಿನ ಚೂರು (ಮುಧೋಳ): ಹರಿದ ಕಾಲುಚೀಲದೊಳಗೆ ಹಾಕಿ ಗಂಟು ಕಟ್ಟಿ ನಳದ ಹತ್ತಿರ ನೇತು ಹಾಕಿ. ಹೊಲದಿಂದ ಬಂದವರಿಗೆ ಕೈಕಾಲು ತಿಕ್ಕಲು ಚೆನ್ನ. ಚೂರು ಕರಗಿಸಿ ಹೊಸ ಸಾಬೂನು ಎರಕ ಹೊಯ್ಯುವ ಉಸಾಬರಿ ಬೇಡ, ಗ್ಯಾಸಿಗೇ ಜಾಸ್ತಿ ದುಡ್ಡು.

ಹಾಲಿನ ಪಾಕೀಟು (ಗೋಕಾಕ): ಮೂಲೆ ಕತ್ತರಿಸುವಾಗ ಆ ಚೂರು ಪೂರ್ತಿ ಬೇರೆಯಾಗದಂತೆ ಕತ್ತರಿಸಿ. ಗಟಾರ ಸೇರುವುದು ಆ ಚೂರೇ. ತೊಳೆದ ಪಾಕೀಟಿನ ಬುಡಕ್ಕೆ ಎರಡು ತೂತು ಮಾಡಿ ಮಣ್ಣು ತುಂಬಿದರೆ ಬದನೆ, ಮೆಣಸಿನ ಸಸಿಗೆ ತೊಟ್ಟಿಲು. ನೆಡುವಾಗ ಹರಿದು ತೆಗೆಯಿರಿ. ಉಳಿದದ್ದು ಮೋಡಕಾದವರಿಗೆ.

ಹಳೆಯ ಪೇಪರಿನಲ್ಲಿ ಭಜಿ (ಸಿಂದಗಿ): ಬೇಡ, ಮಸಿ ಎಣ್ಣೆಗೆ ಅಂಟಿ ಹೊಟ್ಟೆಗೆ ಹೋಗುತ್ತದೆ. ಪೇಪರು ಕನ್ನಡಿ ಒರೆಸಲಿ, ಕಪಾಟಿಗೆ ಹಾಸಲಿ. ಭಜಿಗೆ ಬಾಳೆಎಲೆ ಇಲ್ಲದಿದ್ದರೆ ತಾಟು ಇದೆಯಲ್ಲ.

ಪ್ರಶ್ನೆ: ಎಲ್ಲರಿಗೂ ಹೇಳುತ್ತೀರಿ. ನಿಮ್ಮ ಮನೆಯಲ್ಲಿ ಎಲ್ಲಕ್ಕಿಂತ ಹಳೆಯದು, ಈಗಲೂ ಕೆಲಸ ಮಾಡುವ ಸಾಮಾನು ಯಾವುದು?
ನಿವೃತ್ತ ಶಿಕ್ಷಕರು, ಬೀಳಗಿ

ಉತ್ತರ: ಗುರುಗಳೇ, ಈ ಉತ್ತರಗಳನ್ನು ಬರೆಯುತ್ತಿರುವುದು ಅದರ ಮೇಲೆಯೇ.

ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದ್ದು 1964ರಲ್ಲಿ. ನಾನಾಗ ಕುಂಟಲಪಿ ಆಡುವ ಹುಡುಗಿ. ಊರು ಮುಳುಗುತ್ತದೆ ಅಂತ ಆಗಿನಿಂದ ಕೇಳುತ್ತಲೇ ಬೆಳೆದೆವು, ಅದೇ ಊರಿಗೆ ಸೊಸೆಯೂ ಆದೆ. ಕೊನೆಗೆ ಜಿಲ್ಲೆಯಾಗಿ, 1997 ದಾಟಿದ ಮೇಲೆ, ಹಳೆ ಬಾಗಲಕೋಟೆಯ ಮನೆ ಬಿಟ್ಟು ನವನಗರಕ್ಕೆ ಬಂದೆವು. ಬರುವಾಗ ಜಂತಿ, ಕಂಬ, ಕಿಟಕಿ, ಯಾರಿಗೆ ಏನು ಬಿಚ್ಚಲು ಬಂತೋ ಅದನ್ನೆಲ್ಲ ಟ್ರ್ಯಾಕ್ಟರಿಗೆ ಹೇರಿದರು. ನಮ್ಮ ಮಾವನವರು ತಲಬಾಗಿಲು ತಂದರು. ಸಾಗವಾನಿಯದು, ನಾಲ್ಕು ಜನ ಎತ್ತಬೇಕು.

ಹೊಸ ಮನೆಯ ಚೌಕಟ್ಟಿಗೆ ಅದು ಕೂಡಲಿಲ್ಲ, ಒಂದು ಗೇಣು ದೊಡ್ಡದು. ಕತ್ತರಿಸಲು ಮಾವನವರು ಒಪ್ಪಲಿಲ್ಲ. ಹಿತ್ತಲ ಗೋಡೆಗೆ ಎರಡು ಮಳೆಗಾಲ ಒರಗಿಕೊಂಡೇ ನಿಂತಿತ್ತು. ಕೆಲಸ ಹೇಳಿರಲಿಲ್ಲ ನೋಡಿ. ಅಷ್ಟರಲ್ಲಿ ಒರಲಿ ಹತ್ತಿ ಬುಡದ ಒಂದು ಗೇಣು ತಿಂದು ಮುಗಿಸಿತು. ಆಮೇಲೆ ಮಾವನವರೇ ಬಡಿಗರನ್ನು ಕರೆಸಿ, ತಿಂದಷ್ಟು ತೆಗೆಸಿ, ಒಂದು ಕದಕ್ಕೆ ನಾಲ್ಕು ಕಾಲು ಹೊಡೆಸಿದರು. ಇನ್ನೊಂದು ಕದ ಈಗ ಕೌದಿಗಳನ್ನು ಪೇರಿಸಿಡುವ ಹಲಗೆ.

ಮೇಜಿನ ಬಲಗಡೆ, ಚಿಲಕ ಇದ್ದ ಜಾಗದಲ್ಲಿ ರೂಪಾಯಿ ಅಗಲದ ತೂತಿದೆ. ಬರೆಯುತ್ತಾ ಬರೆಯುತ್ತಾ ಪೆನ್ನು ಕೆಳಗಿಟ್ಟರೆ ಉರುಳಿ ಸೀದಾ ಅದರೊಳಗೆ ಬೀಳುತ್ತದೆ. ಪ್ರತಿ ಸಲ ಬಗ್ಗಿ ಎತ್ತಿಕೊಳ್ಳುತ್ತಿದ್ದೆ. ಹೋದ ವಾರ ಮೊಮ್ಮಗ ತೂತಿನ ಕೆಳಗೆ ತಂತಿ ಬಿಗಿದು ಒಂದು ಡಬ್ಬಿ ನೇತು ಹಾಕಿದ್ದಾನೆ. ಮುಚ್ಚಳವಿಲ್ಲದ ಆ 25ರಲ್ಲಿ ಒಂದು.